ಅವರೆಕಾಯಿ ಕಾಲದ ಮನೆಪಾಠ



ಡಿಸೆಂಬರ್ ನಡುವಿನ ಒಂದು ಬೆಳಿಗ್ಗೆ. ಧನುರ್ಮಾಸ ಹಿಡಿದಿದೆ. ಊರ ಗುಡಿಯ ಮೈಕು ಐದಕ್ಕೇ ಎದ್ದು ಹಾಡಿ ಮುಗಿಸಿದೆ. ನಂದಿಬೆಟ್ಟ ಎಲ್ಲಿದೆ ಎಂದು ಕೇಳಿದರೆ ಮಂಜಿನ ಕಡೆಗೆ ಕೈ ತೋರಿಸಬೇಕು, ಅಷ್ಟೆ. ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದಕ್ಕೆ ಹಳದಿ ವ್ಯಾನು ದೀಪ ಹಾಕಿಕೊಂಡೇ ಬರುತ್ತದೆ. ಸ್ವೆಟರು, ಮಂಕಿಟೋಪಿ, ಟೈ ಮೂರನ್ನೂ ಒಟ್ಟಿಗೆ ತೊಟ್ಟ ಮಕ್ಕಳನ್ನು ಹತ್ತಿಸಿಕೊಂಡು ಹೊರಟುಹೋಗುತ್ತದೆ. ಒಂದು ಮನೆಯ ಮುಂದೆ ಮಾತ್ರ ಅದು ನಿಲ್ಲುವುದಿಲ್ಲ. ಆ ಮನೆಯಲ್ಲಿ ಹನ್ನೊಂದು ವರ್ಷದ ಹುಡುಗಿ, ಎಂಟು ವರ್ಷದ ಹುಡುಗ ಇದ್ದಾರೆ. ಇಬ್ಬರೂ ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾರೆ.

ಮನೆಪಾಠ ಎಂದರೆ ನಮ್ಮಲ್ಲಿ ಟ್ಯೂಷನ್ ಎಂದೇ ಅರ್ಥ. ಶಾಲೆಯಿಂದ ಬಂದು ಕಾಲು ತೊಳೆದುಕೊಂಡ ಮೇಲೆ ಮೇಷ್ಟ್ರ ಮನೆಗೆ ಹೋಗುವುದು. ಇವರದು ಹಾಗಲ್ಲ. ಇವರಿಗೆ ಇರುವುದೊಂದೇ ಪಾಠ, ಅದು ಮನೆಯದು. ಪೇಟೆಯವರು ಹೋಂ ಸ್ಕೂಲಿಂಗ್ ಎನ್ನುತ್ತಾರೆ. ಊರವರು, 'ಅವರ ಮಕ್ಕಳನ್ನ ಸ್ಕೂಲು ಬಿಡಿಸವರೆ' ಎನ್ನುತ್ತಾರೆ.

ಹೆಸರು ಹೇಳಿ ಯಾರದೋ ಮನೆಯ ಬಾಗಿಲು ತೆರೆಯುವುದು ಸರಿಯಲ್ಲ. ಹಾಗಾಗಿ ಈ ಮಾತಿನೊಳಗಿನ ಮನೆ ಕಲ್ಪನೆಯದು. ಅದರೊಳಗಿನ ಹುಳು, ಅವರೆ, ಚಳಿ, ಕಾನೂನು ಮಾತ್ರ ಈ ಸೀಮೆಯವು, ನಿಜವಾದವು.

ಮನೆಗೆ ಒತ್ತಿಕೊಂಡಂತೆ ರೇಷ್ಮೆಯ ಹುಳುಮನೆ ಇದೆ. ಎಳೆಯ ಹುಳು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತಂದು ನಾಲ್ಕು ದಿನವಾಗಿದೆ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲುಗದೆ ಕೂತು, ಹಳೆಯ ಪೊರೆ ಕಳಚುವ ಹೊತ್ತಿಗೆ ರೇಷ್ಮೆ ಬೆಳೆಗಾರರು ಕೊಟ್ಟ ಹೆಸರು ಅದು. ಹುಳು ತನ್ನ ಬಾಳಿನಲ್ಲಿ ನಾಲ್ಕು ಸಲ ಹೀಗೆ ಜ್ವರಕ್ಕೆ ಹೋಗುತ್ತದೆ, ನಾಲ್ಕು ಸಲ ಏಳುತ್ತದೆ, ಐದನೆಯ ಹಂತದಲ್ಲಿ ಹಗಲೂ ರಾತ್ರಿ ಮೇಯ್ದು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತುತ್ತದೆ. ಈ ದೊಡ್ಡ ಹುಳುಗಳಿಗೆ ಇಪ್ಪತ್ತನಾಲ್ಕು, ಇಪ್ಪತ್ತೈದು ಡಿಗ್ರಿ ಶಾಖ ಬೇಕು, ಗಾಳಿಯಲ್ಲಿ ಶೇಕಡ 70ರ ಸುಮಾರಿಗೆ ತೇವ ಇರಬೇಕು. ಹೊರಗೆ ಹದಿನಾಲ್ಕೋ ಹದಿನೈದೋ ಡಿಗ್ರಿ. ಚಳಿಗೆ ಹುಳು ಮಂಕಾಗುತ್ತದೆ, ಸರಿಯಾಗಿ ಮೇಯುವುದಿಲ್ಲ, ಬೇಸಿಗೆಯಲ್ಲಿ ಮುಗಿಯುವ ಬೆಳೆ ಮಾಗಿಯಲ್ಲಿ ಮೂರು ನಾಲ್ಕು ದಿನ ಮುಂದಕ್ಕೆ ಹೋಗುತ್ತದೆ.

ಆದ್ದರಿಂದ ಹುಡುಗಿಯ ದಿನದ ಮೊದಲ ಪಾಠ ಗೋಡೆಯಲ್ಲಿ ತೂಗುವ ಎರಡು ಥರ್ಮಾಮೀಟರುಗಳದು. ಒಂದು ಹಾಗೇ ಇದೆ. ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದೆ. ಒಣಗಿದ್ದು 24 ತೋರಿಸಿದರೆ ಒದ್ದೆಯದು 20 ತೋರಿಸುತ್ತದೆ. ಎರಡೂ ಒಂದೇ ಕೋಣೆಯಲ್ಲಿವೆ, ಒಂದೇ ಗಾಳಿಯಲ್ಲಿವೆ. ಮತ್ತೆ ಈ ನಾಲ್ಕು ಡಿಗ್ರಿ ಎಲ್ಲಿ ಹೋಯಿತು?

ತಾಯಿ ಉತ್ತರ ಹೇಳುವುದಿಲ್ಲ. ಕೈ ಒದ್ದೆ ಮಾಡಿಕೊಂಡು ಬಾಗಿಲಲ್ಲಿ ನಿಂತುಕೋ ಎನ್ನುತ್ತಾಳೆ. ಹುಡುಗಿ ನಿಲ್ಲುತ್ತಾಳೆ, ಚಳಿಗೆ ಹಲ್ಲು ಕಟಕಟ ಎನ್ನುತ್ತದೆ, ಒಣಗಿದ ಕೈಗಿಂತ ಒದ್ದೆ ಕೈ ಜಾಸ್ತಿ ತಣ್ಣಗಾಗಿದೆ ಎಂದು ಗೊತ್ತಾಗುತ್ತದೆ. ನೀರು ಆವಿಯಾಗಿ ಹೋಗುವಾಗ ಶಾಖವನ್ನು ಜೊತೆಗೆ ಒಯ್ಯುತ್ತದೆ. ಗಾಳಿ ಒಣಗಿದ್ದಷ್ಟೂ ಆವಿ ಹೆಚ್ಚು, ಎರಡು ಥರ್ಮಾಮೀಟರುಗಳ ನಡುವಿನ ಅಂತರವೂ ಹೆಚ್ಚು. ಆ ಅಂತರದಿಂದ ತೇವವನ್ನು ಲೆಕ್ಕ ಹಾಕುವ ಪಟ್ಟಿಯೊಂದು ಗೋಡೆಗೆ ಅಂಟಿಸಿದೆ. ಬೇಸಿಗೆಯ ಮಡಕೆ ನೀರಿನ ಗುಟ್ಟೂ ಇದೇ ಎಂದು ಆಮೇಲೆ ತಾನಾಗಿಯೇ ಅವಳಿಗೆ ಹೊಳೆಯುತ್ತದೆ.

ಇದ್ದಿಲ ಒಲೆ ಇಟ್ಟು ಹುಳುಮನೆ ಬೆಚ್ಚಗಿಡುವಾಗ ಎಲ್ಲ ಕಿಟಕಿಯನ್ನೂ ಮುಚ್ಚಬಾರದು. ಯಾಕೆ ಎಂಬುದು ಇನ್ನೊಂದು ದಿನದ ಪಾಠ. ಅರೆಬೆಂದ ಇದ್ದಿಲು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹುಳುವಿಗೂ ಅದು ಕೆಟ್ಟದ್ದು, ಮನುಷ್ಯರಿಗೂ ಕೆಟ್ಟದ್ದು.

ಲೆಕ್ಕದ ಪಾಠಕ್ಕೂ ದೂರ ಹೋಗಬೇಕಿಲ್ಲ. ನೂರು ಮೊಟ್ಟೆ ಎಂದು ರೈತ ಹೇಳುವಾಗ ಅವು ನೂರು ಹುಳುಗಳಲ್ಲ. ಒಂದು ಚಿಟ್ಟೆ ಇಟ್ಟ ಇಡೀ ತತ್ತಿಯ ಗುಂಪಿಗೆ ಒಂದು ಮೊಟ್ಟೆ ಎಂದು ಲೆಕ್ಕ. ಅದರಲ್ಲಿ ನಾನೂರರಿಂದ ಐನೂರು ತತ್ತಿ. ಎಲ್ಲವೂ ಉಳಿಯುವುದಿಲ್ಲ. ನೂರು ಮೊಟ್ಟೆಗೆ ನಲವತ್ತು ಸಾವಿರ ಗೂಡು ಬಂತು ಎಂದುಕೊಳ್ಳೋಣ. ಗೂಡು ಒಂದೂವರೆ ಗ್ರಾಂಗಿಂತ ತುಸು ಹೆಚ್ಚು ತೂಗಿದರೆ ಅರವತ್ತು ಕೇಜಿ ದಾಟುತ್ತದೆ. ಒಳ್ಳೆಯ ದ್ವಿತಳಿ ಗೂಡಿನ ಎಳೆ ಬಿಚ್ಚಿದರೆ ಹತ್ತಿರಹತ್ತಿರ ಒಂದು ಕಿಲೋಮೀಟರ್. ನಲವತ್ತು ಸಾವಿರ ಗೂಡಿಗೆ ನಲವತ್ತು ಸಾವಿರ ಕಿಲೋಮೀಟರ್. ಹುಡುಗ ಭೂಗೋಳದ ಪುಸ್ತಕ ತೆರೆದು ನೋಡುತ್ತಾನೆ: ಸಮಭಾಜಕ ವೃತ್ತದ ಉದ್ದ 40,075 ಕಿಲೋಮೀಟರ್. ತಮ್ಮ ಹುಳುಮನೆಯ ಒಂದು ಬೆಳೆಯ ನೂಲು ಭೂಮಿಗೆ ಒಂದು ಸುತ್ತು ಹಾಕಿ ಬರುತ್ತದೆ ಎಂದು ಆ ಮಧ್ಯಾಹ್ನ ಎದುರಾದವರಿಗೆಲ್ಲ ಹೇಳಿಕೊಂಡು ಓಡಾಡುತ್ತಾನೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊರಟಿದ್ದ ಪಕ್ಕದ ಮನೆಯವರು, 'ಸುತ್ತು ಹಾಕ್ಲಿ ಬಿಡಪ್ಪ, ಕೇಜಿಗೆ ರೇಟೆಷ್ಟು ಸಿಗುತ್ತೆ ಅದನ್ನ ಹೇಳು' ಎನ್ನುತ್ತಾರೆ. ಅದೂ ಒಂದು ಲೆಕ್ಕವೇ.

ಹತ್ತು ಗಂಟೆಗೆ ಬಿಸಿಲು ಬರುತ್ತದೆ. ಜಗುಲಿಯ ಮೇಲೆ ಅವರೆಕಾಯಿ ಸುರಿಯುತ್ತಾರೆ.

ಬಯಲುಸೀಮೆಯ ಈ ಮೂಲೆಯಲ್ಲಿ ಚಳಿಗಾಲಕ್ಕೆ ಬೇರೆ ಹೆಸರೇ ಬೇಡ, ಅವರೆಕಾಯಿ ಕಾಲ ಎಂದರೆ ಸಾಕು. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ. ಬಿಡಿಸಿದವರ ಬೆರಳಿಗೆ ಅಂಟಿದ ಆ ಜಿಗುಟು ವಾಸನೆ ಸೋಪಿಗೂ ಜಗ್ಗುವುದಿಲ್ಲ. ಕಾಳನ್ನು ಕೆಲವು ತಾಸು ನೀರಿನಲ್ಲಿ ನೆನೆಹಾಕಿ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮುತ್ತದೆ. ಹುಡುಗನ ಬೇಳೆ ಪಾತ್ರೆಗೆ ಬೀಳುವುದಕ್ಕಿಂತ ಅಕ್ಕನ ಹಣೆಗೆ ಬೀಳುವುದೇ ಹೆಚ್ಚು.

'ಅಜ್ಜೀ, ಅಮ್ಮ ಹಿದಕಿದ ಬೇಳೆ ಅಂತಾಳೆ. ನೀನ್ಯಾಕೆ ಪಿತಿಕಿಪಪ್ಪು ಅಂತೀಯ?'

'ನಮ್ಮಮ್ಮನ ಮನೇಲಿ ಹಂಗೇ ಅನ್ನೋದು ಕಣಪ್ಪ. ಎರಡೂ ಒಂದೇ.'

ಎರಡೂ ಒಂದೇ ಎಂಬ ಅಜ್ಜಿಯ ಮಾತು ಅಕ್ಷರಶಃ ನಿಜ. ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿ ಕಡೆ ಒಂದೇ ಮನೆಯಲ್ಲಿ ತೆಲುಗು, ಕನ್ನಡ ಎರಡೂ ಓಡಾಡುತ್ತವೆ. ಹುಡುಗಿ ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆದು ಪಟ್ಟಿ ಮಾಡುತ್ತಾಳೆ. ಅಜ್ಜಿಯ ತೆಲುಗಿನ ಪಾಲು ಕನ್ನಡದಲ್ಲಿ ಹಾಲು. ಪುಲಿ ಹುಲಿ. ಪಂದಿ ಹಂದಿ. ಪೇನು ಹೇನು. ಪಾಮು ಹಾವು. ಪುವ್ವು ಹೂವು. ಪಿತುಕು ಎಂದರೆ ಹಿದುಕು. ಹಳಗನ್ನಡದಲ್ಲಿಯೂ ಪಾಲ್, ಪುಲಿ, ಪಂದಿ ಎಂದೇ ಇದ್ದವು. ಹತ್ತನೆಯ ಶತಮಾನದ ಸುಮಾರಿನಿಂದ ಕನ್ನಡದ ಮೊದಲಕ್ಷರದ ಪಕಾರ ನಿಧಾನವಾಗಿ ಹಕಾರವಾಯಿತು, ತೆಲುಗಿನದು ಹಾಗೇ ಉಳಿಯಿತು. ವ್ಯಾಕರಣದ ಪುಸ್ತಕದಲ್ಲಿ ಇದು ಒಂದು ಸೂತ್ರ, ಜಗುಲಿಯ ಮೇಲೆ ಒಂದು ಮೊರ ಅವರೆಕಾಳು. ಇದೇ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಳೆ ಮಾರಿಕೊಂಡಿದ್ದ ನಾರೇಯಣ ತಾತಯ್ಯ ತೆಲುಗು, ಕನ್ನಡ ಎರಡರಲ್ಲೂ ಹಾಡು ಕಟ್ಟಿದ್ದು ಯಾಕೆ ಎಂದು ಮಕ್ಕಳಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ.

ಇಷ್ಟು ಕೇಳಿದರೆ ಎಲ್ಲ ಸೊಗಸಾಗಿದೆ ಎನ್ನಿಸುತ್ತದೆ. ಇಲ್ಲಿ ಒಂದು ಕ್ಷಣ ನಿಲ್ಲಬೇಕು.

ಶಿಡ್ಲಘಟ್ಟದಂಥ ರೇಷ್ಮೆ ಪೇಟೆಯಲ್ಲಿ ಶಾಲೆಗೆ ಹೋಗದೆ ಹುಳುಮನೆಯಲ್ಲಿರುವ ಮಗು ಎಂದರೆ ಜನರಿಗೆ ಬೇರೊಂದು ನೆನಪಾಗುತ್ತದೆ. ನೂಲು ತೆಗೆಯುವ ಕಡೆಗಳಲ್ಲಿ ಕುದಿನೀರಿನಿಂದ ಗೂಡು ಎತ್ತುತ್ತಿದ್ದ ಎಳೆಯ ಬೆರಳುಗಳು ನೆನಪಾಗುತ್ತವೆ. ಕರ್ನಾಟಕವೂ ಸೇರಿದಂತೆ ಭಾರತದ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಒತ್ತೆಯಾಗಿ ದುಡಿಯುತ್ತಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ದೊಡ್ಡ ವರದಿಯನ್ನೇ ಹೊರತಂದಿತ್ತು. ಆ ಮಕ್ಕಳಿಗೂ ಗೂಡು ಗೊತ್ತಿತ್ತು, ಎಳೆ ಗೊತ್ತಿತ್ತು, ಬಿಸಿ ಗೊತ್ತಿತ್ತು. ಆದರೆ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, ಯಾಕೆ ಹೀಗೆ ಎಂದು ಕೇಳುವ ಹೊತ್ತು ಅವರಿಗಿರಲಿಲ್ಲ. ನಮ್ಮ ಹುಡುಗಿ ಥರ್ಮಾಮೀಟರ್ ಬಿಟ್ಟು ಬಾಗಿಲಿಗೆ ಹೋಗಿ ಒದ್ದೆ ಕೈ ಹಿಡಿದು ನಿಂತಳಲ್ಲ, ಆ ಐದು ನಿಮಿಷ ಅವಳಿಗೆ ಸಿಗುವವರೆಗೆ ಮಾತ್ರ ಅದು ಪಾಠ. ಸೊಪ್ಪು ಹಾಕು, ಆಮೇಲೆ ಕೇಳುವೆಯಂತೆ ಎಂದು ದಿನಾ ಹೇಳತೊಡಗಿದರೆ ಅದೇ ಮನೆ, ಅದೇ ಹುಳು ಇದ್ದರೂ ಅದು ದುಡಿಮೆ.

ಕಾನೂನಿಗೂ ಈ ಗೆರೆ ಎಳೆಯುವುದು ಸುಲಭವಾಗಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಎನ್ನುತ್ತದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ, ಸೇರಿಸದಿದ್ದರೆ ಶಿಕ್ಷೆ ಏನೆಂದು ಹೇಳುವುದಿಲ್ಲ. ಮನೆಶಿಕ್ಷಣ ಎಂಬ ಮಾತೇ ಆ ಕಾಯಿದೆಯಲ್ಲಿ ಇಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ, ಅಪಾಯವಿಲ್ಲದ ಮನೆ ಕಸುಬಿಗೆ ಮಗು ಕೈಗೂಡಿಸಬಹುದು, ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ಎನ್ನುತ್ತದೆ. ಶಾಲೆಯೇ ಇಲ್ಲದ ಮನೆಯಲ್ಲಿ ಶಾಲೆಯ ಹೊತ್ತು ಯಾವುದು? ಈ ಪ್ರಶ್ನೆಗೆ ಮನೆಯವರೇ ಉತ್ತರ ಕಂಡುಕೊಳ್ಳಬೇಕು. ನಮ್ಮ ಮನೆಯಲ್ಲಿ ಹಾಗೊಂದು ಕಟ್ಟು ಮಾಡಿಕೊಂಡಿದ್ದಾರೆ: ಹತ್ತರಿಂದ ಒಂದರವರೆಗೆ ಯಾರೂ ಮಕ್ಕಳಿಗೆ ಕೆಲಸ ಹೇಳುವಂತಿಲ್ಲ. ಅವರೆಕಾಯಿ ಬಿಡಿಸುವುದನ್ನು ಕೂಡ. ಅದು ಮಕ್ಕಳು ತಾವಾಗಿ ಬಂದು ಕೂತರೆ ಮಾತ್ರ.

ಸರ್ಟಿಫಿಕೇಟಿನ ದಾರಿ ಅಷ್ಟು ಕಗ್ಗಂಟಲ್ಲ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹದಿನಾಲ್ಕು ತುಂಬಿದವರು ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. ವರ್ಷಕ್ಕೆರಡು ಸಲ ಪರೀಕ್ಷೆ ನಡೆಯುತ್ತದೆ. ರಾಜ್ಯದ ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟುವ ದಾರಿಯೂ ಇದೆ.

ಮನೆಯ ಹಾಗೆ ಕಲಿಯುವುದು ಈ ಸೀಮೆಗೆ ತೀರಾ ಹೊಸತೂ ಅಲ್ಲ. 1972ರಲ್ಲಿ ಡೇವಿಡ್ ಹಾರ್ಸ್‌ಬರೋ ಎಂಬ ಇಂಗ್ಲಿಷಿನವರು ಚಿಂತಾಮಣಿಗೆ ನೆರೆಯ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನ ಹತ್ತಿರ ನೀಲ್‌ಬಾಗ್ ಎಂಬ ಶಾಲೆ ಕಟ್ಟಿದರು. ತಮ್ಮ ಸಂಸಾರದೊಂದಿಗೆ ಅಲ್ಲೇ ಬಾಳಿದರು. ಅಲ್ಲಿ ಪರೀಕ್ಷೆ ಇರಲಿಲ್ಲ, ಒಂದು ಎರಡು ಮೂರು ಎಂಬ ತರಗತಿಗಳೂ ಇರಲಿಲ್ಲ. ದೊಡ್ಡ ಮನೆಯ ಮಕ್ಕಳಂತೆ ಎಲ್ಲ ವಯಸ್ಸಿನವರೂ ಒಟ್ಟಿಗೆ ಕೂತು ತಮ್ಮ ತಮ್ಮ ವೇಗಕ್ಕೆ ಕಲಿಯುತ್ತಿದ್ದರು. ಆ ಕಲಿಕೆಯ ಎಳೆ ಮದನಪಲ್ಲಿಯ ರಿಷಿವ್ಯಾಲಿಯ ಹಳ್ಳಿಶಾಲೆಗಳಿಗೆ ಹೋಯಿತು. ಅದನ್ನು ನೋಡಿಬಂದ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು 1995ರಲ್ಲಿ ನಲಿ-ಕಲಿ ಶುರುಮಾಡಿದರು. ಇಂದು ಸರಕಾರಿ ಶಾಲೆಯ ಒಂದನೇ ತರಗತಿಯ ಮಗು ನೆಲದ ಮೇಲೆ ಗುಂಪಾಗಿ ಕೂತು ಕಾರ್ಡು ಎತ್ತಿಕೊಂಡರೆ ಅದರ ಒಂದು ಬೇರು ಇದೇ ನೆಲದಲ್ಲಿದೆ.

ಇನ್ನು 2020ರ ಚಳಿಗಾಲವನ್ನು ಯಾರು ಮರೆತಾರು? ಕೊರೊನಾದಿಂದ ಶಾಲೆಗಳು ಮುಚ್ಚಿದ ಆ ವರ್ಷ ಎಲ್ಲರ ಮನೆಯೂ ಶಾಲೆಯಾಗಿತ್ತು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಆಗಸ್ಟಿನಲ್ಲಿ ವಿದ್ಯಾಗಮ ಶುರುವಾಗಿ ಮೇಷ್ಟ್ರುಗಳು ಅರಳಿಕಟ್ಟೆ, ಗುಡಿಯ ಅಂಗಳಗಳಿಗೆ ಬಂದರು. ಅಕ್ಟೋಬರಿನಲ್ಲಿ ಅದು ನಿಂತು, ಹೊಸ ವರ್ಷದ ದಿನ ಮತ್ತೆ ಶುರುವಾಯಿತು. ಒಂದರಿಂದ ಐದನೇ ತರಗತಿಯ ಮಕ್ಕಳ ಶಾಲೆ ತೆರೆದದ್ದು 2021ರ ಅಕ್ಟೋಬರ್ ಕೊನೆಗೆ. ಒಂದೇ ಫೋನು ಇದ್ದ ಮನೆಯಲ್ಲಿ ಅದು ಅಪ್ಪನ ಜೊತೆ ಮಾರುಕಟ್ಟೆಗೆ ಹೋದರೆ ಅವತ್ತಿನ ಪಾಠವೂ ಮಾರುಕಟ್ಟೆಗೆ ಹೋಯಿತು. ಓದು ಮರೆತ ಮಕ್ಕಳು ಎಷ್ಟೋ. ಹಾಗಿದ್ದೂ ಡಿಸೆಂಬರ್ 21ರ ಸಂಜೆ ಪಡುವಣದಲ್ಲಿ ಗುರು, ಶನಿ ಎರಡೂ ಒಂದೇ ಚುಕ್ಕಿ ಎನ್ನುವಷ್ಟು ಹತ್ತಿರ ಬಂದು ನಿಂತಾಗ ಮಾಳಿಗೆ ಹತ್ತಿ ನೋಡಿದ ಮಕ್ಕಳಿದ್ದರು. ಆ ಎರಡು ಗ್ರಹಗಳು ಅಷ್ಟು ಸಮೀಪ ಕಂಡದ್ದು 1623ರ ನಂತರ ಅದೇ ಮೊದಲು.

ಈಗಿನ ಮನೆಶಾಲೆಯವರು ಆ ವರ್ಷದಿಂದ ಕಲಿತದ್ದು ಒಂದೇ: ಮನೆಯಲ್ಲೇ ಕೂತರೆ ಮನೆಪಾಠ ಆಗುವುದಿಲ್ಲ. ಅದಕ್ಕೇ ನಮ್ಮ ಮನೆಯವರ ವಾರದಲ್ಲಿ ಒಂದು ದಿನ ಬಸ್ಸಿಗೆ ಮೀಸಲು.

ಗೌರಿಬಿದನೂರಿನ ಬಸ್ಸಿನಲ್ಲಿ ಉತ್ತರ ಪಿನಾಕಿನಿಯ ಪಾಠ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಈ ಊರಿನ ಮೇಲೆ ಹಾದು ಆಂಧ್ರಕ್ಕೆ ಹೋಗಿ ನೆಲ್ಲೂರಿನ ಬಳಿ ಕಡಲು ಸೇರುವ ನದಿ. ಅದೇ ಸಾಲಿನಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ತಮಿಳುನಾಡಿಗೆ ಹೋಗುತ್ತದೆ, ಅರ್ಕಾವತಿ ಕಾವೇರಿಗೆ ಸೇರುತ್ತದೆ. ನೀರಿಗೆ ಹುಟ್ಟೂರಾದ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ.

ಊರ ಹೊರಗೆ ಬಯಲಿನಲ್ಲಿ ಕಂಬಗಳ ಸಾಲು ಕಾಣುತ್ತದೆ. ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಕಟ್ಟಿದ ರೇಡಿಯೊ ದೂರದರ್ಶಕ ಅದು. ಒಂದು ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಹರಡಿದ್ದರು. ಅದು ಆಲಿಸುತ್ತಿದ್ದದ್ದು 34.5 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಒಂಬತ್ತು ಮೀಟರಿಗೆ ತುಸು ಕಡಿಮೆ ಉದ್ದದ ಅಲೆ. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಸ್ ಅಲೆಯ ಉದ್ದ ಸುಮಾರು 490 ಮೀಟರ್. ತಾತನ ರೇಡಿಯೊ ಮತ್ತು ಈ ಬಯಲಿನ ಯಂತ್ರ ಎರಡೂ ಒಂದೇ ಜಾತಿಯವು ಎಂದು ತಿಳಿದಾಗ ಹುಡುಗ ಕೇಳಿದ: 'ಹಂಗಾರೆ ಸೂರ್ಯನೂ ಒಂದು ಸ್ಟೇಷನ್ನಾ?' ಹೌದು, ಸೂರ್ಯನೂ ರೇಡಿಯೊ ಅಲೆ ಬಿಡುತ್ತಾನೆ.

ಇದೇ ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪಕಗಳಿವೆ. ದೂರದೇಶದಲ್ಲಿ ಯಾರೋ ನೆಲದಡಿ ಅಣುಬಾಂಬು ಸಿಡಿಸಿದರೂ ಅವಕ್ಕೆ ಗೊತ್ತಾಗುತ್ತದೆ. ಆದರೆ 2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಜನರಿಗೆ ಯಾವ ಮಾಪಕವೂ ಬೇಕಾಗಲಿಲ್ಲ. ಏಳು ಗಂಟೆ ದಾಟಿದ ಮೇಲೆ ಐದೇ ನಿಮಿಷದ ಅಂತರದಲ್ಲಿ ಎರಡು ಸಲ ನೆಲ ಗುಡುಗಿತು. ತೀವ್ರತೆ 2.9 ಮತ್ತು 3.0. ಕಾಫಿ ಲೋಟ ಬಿಟ್ಟು ಜನ ಚಳಿಯಲ್ಲೇ ಬೀದಿಗೆ ಬಂದರು. ಆ ನವೆಂಬರಿನಲ್ಲಿ ಎಡೆಬಿಡದೆ ಮಳೆ ಸುರಿದು ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದ್ದವು. ನೀರು ಬಂಡೆಯ ಬಿರುಕುಗಳಿಗೆ ಇಳಿದು ಒತ್ತಡ ಬದಲಾದಾಗ ಇಂಥ ಸಣ್ಣ ಕಂಪನಗಳಾಗುತ್ತವೆ ಎಂದು ಭೂವಿಜ್ಞಾನಿಗಳು ವಿವರಿಸಿದರು.

ಹಿಂದಿರುಗುವ ದಾರಿಯಲ್ಲಿ ತಾಯಿ ಮಕ್ಕಳಿಗೆ ಹೊಸೂರಿನ ಕತೆ ಹೇಳುತ್ತಾಳೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಹೈಸ್ಕೂಲು ಓದಲು ಬೆಂಗಳೂರಿಗೆ ಹೊರಟಾಗ ಬಸ್ಸಿಗೆ ಕಾಸಿರಲಿಲ್ಲ, ನಡೆದೇ ಹೋದರು. ಮುಂದೆ ಅಮೆರಿಕದ ಓಹಿಯೊದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ, ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ತಂದರು. ಹುಡುಗಿ ಕಿಟಕಿಯಿಂದ ಹೊರಗೆ ನೋಡುತ್ತಾ, 'ಅವರು ಸ್ಕೂಲಿಗೆ ಅಷ್ಟು ದೂರ ನಡೆದ್ರು, ನಾವು ಮನೇಲಿದೀವಿ' ಎಂದಳು. ತಾಯಿ ತಕ್ಷಣ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, 'ನಿನಗೆ ಹೋಗಬೇಕು ಅನ್ನಿಸಿದ ದಿನ ಹೇಳು' ಎಂದಳು.

ಈ ಎಲ್ಲದರಲ್ಲಿ ಯಾರೂ ಬರೆದಿಡದ ಒಂದು ಬಾಬ್ತು ಇದೆ, ಅದು ಆ ತಾಯಿಯ ಹೊತ್ತು. ಬೆಳಿಗ್ಗೆ ನಾಲ್ಕೂವರೆಗೆ ಸೊಪ್ಪು, ಆರಕ್ಕೆ ಒಲೆ, ಹತ್ತಕ್ಕೆ ಪಾಠ, ಮಧ್ಯಾಹ್ನ ಮತ್ತೆ ಸೊಪ್ಪು. ಬೇರೆ ಮನೆಯವರಿಗೆ ವ್ಯಾನು ಹೋದ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂರುವ ಒಂದು ಗಳಿಗೆ ಸಿಗುತ್ತದೆ, ಇವಳಿಗೆ ಅದಿಲ್ಲ. ತನಗೇ ಮರೆತುಹೋದ ಭಿನ್ನರಾಶಿಯನ್ನು ರಾತ್ರಿ ಕೂತು ತಾನೇ ಮತ್ತೆ ಕಲಿಯುತ್ತಾಳೆ. ಮಕ್ಕಳಿಗೂ ಕೊರತೆಯಿದೆ. ಕಬಡ್ಡಿಯ ಒಂದು ತಂಡಕ್ಕೇ ಏಳು ಜನ ಬೇಕು, ಇವರು ಇಬ್ಬರೇ. ಸಂಜೆ ನಾಲ್ಕೂವರೆಗೆ ಹಳದಿ ವ್ಯಾನು ಹಿಂದಿರುಗುವುದನ್ನು ಹುಡುಗ ಗೇಟಿನ ಬಳಿ ನಿಂತು ಕಾಯುತ್ತಾನೆ. ವ್ಯಾನಿನವರು ಸ್ವೆಟರು ಬಿಸಾಡಿ ಬಂದರೆ ಕತ್ತಲಾಗುವವರೆಗೂ ಆಟ. ಹೊಸ ಪದ್ಯ, ಹೊಸ ಬೈಗುಳ ಎರಡೂ ಅಲ್ಲಿಂದ ಮನೆಗೆ ಬರುತ್ತವೆ.

ರಾತ್ರಿ ಊಟಕ್ಕೆ ಮುದ್ದೆ, ಹಿದಕಿದ ಬೇಳೆ ಸಾರು. ಉಂಡ ಮೇಲೆ ತಾತ ಕಂಬಳಿ ಹೊದ್ದು ಅಂಗಳಕ್ಕೆ ಬರುತ್ತಾನೆ. ಮಂಜು ಬೀಳುವುದಕ್ಕೆ ಇನ್ನೂ ಹೊತ್ತಿದೆ, ಆಕಾಶ ತೊಳೆದಂತಿದೆ. ನೆತ್ತಿಯ ಹತ್ತಿರ ಕೃತ್ತಿಕೆಯ ಗೊಂಚಲು. ಅದರ ಮೂಡಲಿಗೆ ಕೆಂಪಗೆ ರೋಹಿಣಿ. ಇನ್ನೂ ಕೆಳಗೆ ಮೃಗಶಿರ, ಆರಿದ್ರಾ. ತಾತನಿಗೆ ಇವು ಮಳೆಗಳ ಹೆಸರು.

'ತಾತ, ಆರಿದ್ರಾ ಮಳೆ ಬರೋದು ಜೂನಲ್ಲಿ ಅಲ್ವಾ? ಮತ್ತೆ ಆರಿದ್ರಾ ನಕ್ಷತ್ರ ಈಗ್ಯಾಕೆ ಇಲ್ಲಿದೆ?'

ತಾತ ಉತ್ತರ ಹುಡುಕುತ್ತಾನೆ. ಹುಡುಗಿ ಒಳಗಿನಿಂದ ಟಾರ್ಚು ತಂದು ಕಟ್ಟೆಯ ಮೇಲಿಡುತ್ತಾಳೆ, ಅದು ಸೂರ್ಯ. ತಮ್ಮನನ್ನು ಟಾರ್ಚಿನ ಒಂದು ಬದಿಗೆ ನಿಲ್ಲಿಸುತ್ತಾಳೆ, ಅವನು ಭೂಮಿ. ಎದುರು ಬದಿಯ ತೆಂಗಿನ ಮರ ಆರಿದ್ರಾ. ಈಗ ಅದು ಟಾರ್ಚಿನ ಆಚೆಗೆ, ಅದೇ ದಿಕ್ಕಿನಲ್ಲಿದೆ. ಬೆಳಕಿನಲ್ಲಿ ಕಣ್ಣು ಕುಕ್ಕಿ ಮರ ಕಾಣುವುದಿಲ್ಲ. ಅದು ಜೂನ್, ಸೂರ್ಯ ಆರಿದ್ರೆಯಲ್ಲಿರುವ ಕಾಲ. ತಮ್ಮನನ್ನು ಅರ್ಧ ಸುತ್ತು ನಡೆಸಿ ತೆಂಗಿನ ಮರದ ಕಡೆಗೆ ತಂದರೆ ಟಾರ್ಚು ಅವನ ಬೆನ್ನಿಗೆ, ಮರ ಕಣ್ಣೆದುರಿಗೆ. ಇದು ಡಿಸೆಂಬರ್.

'ಅಂದ್ರೆ ಮಳೆ ಬರೋವಾಗ ಆ ನಕ್ಷತ್ರ ಕಾಣೋದೇ ಇಲ್ಲ!' ಎಂದ ತಾತ. ಅರವತ್ತು ವರ್ಷ ಆ ಮಳೆಗೆ ರಾಗಿ ಬಿತ್ತಿದವನು. ಕಂಬಳಿ ಸರಿಮಾಡಿಕೊಂಡು ಇನ್ನೊಂದು ಸಲ ಹುಡುಗನನ್ನು ಸುತ್ತು ಬರಲು ಹೇಳಿದ.

ಹುಳುಮನೆಯಿಂದ ತಾಯಿ ಕೂಗುತ್ತಾಳೆ. ಕಡೆಯ ಸೊಪ್ಪಿನ ಹೊತ್ತು. ಹುಡುಗಿ ಟಾರ್ಚು ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಮೂರನೇ ಜ್ವರಕ್ಕೆ ಹೋದ ಹುಳುಗಳು ತಟ್ಟೆಯ ತುಂಬ ತಲೆ ಎತ್ತಿ ಕೂತಿವೆ, ಒಂದೂ ಅಲುಗುತ್ತಿಲ್ಲ. ಇವತ್ತು ಸೊಪ್ಪು ಬೇಡ. ಅವಳು ಗೋಡೆಯ ನೋಟ್‌ಬುಕ್ಕು ತೆಗೆದು ಬರೆಯುತ್ತಾಳೆ: ರಾತ್ರಿ 9. ಒಣ 24, ಒದ್ದೆ 20. ಹೊರಗೆ 16. ಮೂರನೇ ಜ್ವರ.